ಹೊಗೆಯಿಲ್ಲದ ದಿನದ ಫೋಟೋ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಅವಧಿಯ ದಿನಚರಿ ನನ್ನ ಬಳಿ ಇದೆ, ನಿಜ. ಆದರೆ ಅದನ್ನು ಬರೆದವಳು ಇಡೀ ದಿನ ಮಾಸ್ಕ್ ಹಾಕಿಕೊಂಡು ತಲೆನೋವು ಬರಿಸಿಕೊಂಡು, ಸಂಜೆ ಪುತ್ತೂರಿನ ಮನೆಗೆ ಬಂದು ಎರಡು ಸಾಲು ಗೀಚಿ ಮಲಗುತ್ತಿದ್ದವಳು. ಮುಂದೆ ಯಾವುದು ಮುಖ್ಯವಾಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಯಾವ ಸುತ್ತೋಲೆ ಬಂತು, ಯಾವ ಮಗು ಬರಲಿಲ್ಲ ಎಂದೆಲ್ಲ ಬರೆದಿದ್ದಾಳೆ. ತಾನು ಯಾರಿಗೆ ಏನು ಹೇಳಿದೆ ಎಂಬುದನ್ನು ಬರೆದಿಲ್ಲ. ಆದ್ದರಿಂದ ಮಾತುಗಳನ್ನೆಲ್ಲ ನೆನಪಿನಿಂದ ತೆಗೆಯುತ್ತಿದ್ದೇನೆ. ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬ ಅನುಮಾನ ನನಗಿದೆ. ಓದುವವರೂ ಆ ಅನುಮಾನವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ನೆಲ್ಯಾಡಿಯಿಂದ ಸ್ವಲ್ಪ ಒಳಗೆ, ರಬ್ಬರ್ ತೋಟಗಳ ನಡುವೆ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಕೊರೊನಾದ ಮೊದಲ ವರ್ಷ ಮುಗಿಯುತ್ತಿದ್ದಾಗ ಅಲ್ಲಿ ಇಬ್ಬರೇ ಟೀಚರುಗಳಿದ್ದೆವು. ನಾನು ವಿಜ್ಞಾನ, ಗಣಿತದವಳು. ಇನ್ನೊಬ್ಬರು ನನಗಿಂತ ಬಹಳ ಹಿರಿಯರು, ಕನ್ನಡ ಮತ್ತು ಸಮಾಜ ಪಾಠದವರು, ನಿವೃತ್ತಿಗೆ ಹತ್ತಿರವಾದವರು. ನ್ಯಾಯವಾಗಿ ಮುಖ್ಯ ಶಿಕ್ಷಕಿಯ ಪ್ರಭಾರ ಅವರಿಗೆ ಸಿಗಬೇಕಿತ್ತು. ಅವರು ಒಪ್ಪಲಿಲ್ಲ. ಎಳೆಯ ವಯಸ್ಸಿನಲ್ಲಿ ಟಿ.ಬಿ. ಬಂದು ವಾಸಿಯಾಗಿ, ಒಂದು ಕಡೆಯ ಶ್ವಾಸಕೋಶ ಮುದುಡಿಹೋಗಿತ್ತಂತೆ. ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

"ನನ್ನದು ಹಳೇ ಹಾರ್ಮೋನಿಯಂ, ಟೀಚರ್. ಗಾಳಿ ತುಂಬಿಸಿದಷ್ಟೇ ಸ್ವರ," ಎನ್ನುತ್ತಿದ್ದರು. ಪ್ರಭಾರ ನನಗೆ ಬಂದ ಮೇಲೆ, "ಹೆಡ್ಡು ಬಂದ್ರು, ಎದ್ದು ನಿಲ್ಲಿ ಮಕ್ಕಳೇ" ಎಂದು ಮಕ್ಕಳಿಲ್ಲದ ಬೆಂಚುಗಳಿಗೆ ಹೇಳಿ ನಗುತ್ತಿದ್ದರು.

ಹೊಸ ವರ್ಷದಿಂದ ಆರು, ಏಳನೆಯ ತರಗತಿಯ ಮಕ್ಕಳು ಅರ್ಧ ದಿನ ಶಾಲೆಗೆ ಬರಬಹುದು ಎಂಬ ಆದೇಶ ಡಿಸೆಂಬರಿನಲ್ಲಿ ಬಂತು. ಜೊತೆಗೆ ಸೂಚನೆಗಳು: ಬೆಂಚಿಗೊಬ್ಬರು, ಕೈ ತೊಳೆಯಲು ಸಾಬೂನು, ಬಾಗಿಲಲ್ಲಿ ಜ್ವರ ನೋಡುವುದು, ಹೆತ್ತವರ ಒಪ್ಪಿಗೆ ಪತ್ರ, ಶಿಕ್ಷಕರಿಗೆ ಮೂಗಿನ ಪರೀಕ್ಷೆ. ಲಸಿಕೆ ನಮ್ಮವರೆಗೆ ಇನ್ನೂ ಬಂದಿರಲಿಲ್ಲ. ಎಲ್ಲದರ ಮೇಲೆ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು: ತರಗತಿಯ ಕಿಟಕಿ, ಬಾಗಿಲುಗಳನ್ನು ಪಾಠದ ಉದ್ದಕ್ಕೂ ತೆರೆದಿಡತಕ್ಕದ್ದು.

ಆ ಸಾಲನ್ನು ಓದಿ ಹಿರಿಯ ಟೀಚರ್ ಮಾಸ್ಕಿನೊಳಗೇ ನಕ್ಕರು. "ಇದನ್ನು ಬರೆದವರು ಚೇಟನ ಹೊಗೆಮನೆ ನೋಡ್ಲಿಲ್ಲ."

ಹೊಗೆಮನೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಶಾಲೆಯ ಹಿಂದಿನ ಬೇಲಿಗೆ ತಾಗಿ ಒಬ್ಬ ಹಿರಿಯರ ರಬ್ಬರ್ ತೋಟ. ಅವರ ತಂದೆಯ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬ. ಊರಿಗೆಲ್ಲ ಅವರು ಚೇಟ, ಮಲಯಾಳದಲ್ಲಿ ಅಣ್ಣ. ಶಾಲೆಯ ಆಟದ ಬಯಲಿನ ಅರ್ಧ ಭಾಗ ಅವರ ತಂದೆ ಬಿಟ್ಟುಕೊಟ್ಟದ್ದು. ಬೆಳಗ್ಗೆ ಮರದಿಂದ ಇಳಿಸಿದ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮಿಷನಿನಲ್ಲಿ ಒತ್ತಿ ಶೀಟು ಮಾಡಿ, ನೀರು ಇಳಿದ ಮೇಲೆ ತಗಡಿನ ಮಾಡಿನ ಒಂದು ಸಣ್ಣ ಕಟ್ಟಡದಲ್ಲಿ ಸಾಲಾಗಿ ನೇತುಹಾಕಿ ಹೊಗೆ ಕೊಡುತ್ತಾರೆ. ಶೀಟು ಜೇನಿನ ಬಣ್ಣಕ್ಕೆ ಬರುವ ತನಕ ಬೆಂಕಿ ಆರಬಾರದು. ಡಿಸೆಂಬರ್, ಜನವರಿ ಎಂದರೆ ಮರ ಚೆನ್ನಾಗಿ ಹಾಲು ಕೊಡುವ ಕಾಲ. ಅದೇ ತಿಂಗಳುಗಳಲ್ಲಿ ಬೆಳಗಿನ ಮಂಜು. ಬಿಸಿಲು ಏರುವವರೆಗೆ ಹೊಗೆ ಮೇಲಕ್ಕೆ ಹೋಗದೆ ನೆಲದಲ್ಲೇ ಹರಿದು ನಮ್ಮ ಕಿಟಕಿಗೆ ಬರುತ್ತಿತ್ತು. ಹಿಂದಿನ ಕಿಟಕಿಗಳನ್ನು ಮುಚ್ಚಿಯೇ ಪಾಠ ಮಾಡುವುದು ಆ ಶಾಲೆಯ ಹಳೆಯ ಪದ್ಧತಿ. ಯಾರೂ ಅದನ್ನು ದೂರು ಎಂದುಕೊಂಡಿರಲಿಲ್ಲ.

ನಮ್ಮ ಕ್ಲಸ್ಟರಿನ ಸಿಆರ್‌ಪಿ ನನ್ನ ಭಾವ, ಅಕ್ಕನ ಗಂಡ. ಸಿಆರ್‌ಪಿ ಎಂದರೆ ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಂಡು, ಮೇಲಿನ ಸೂಚನೆಯನ್ನು ಕೆಳಗೆ ಇಳಿಸಿ, ಕೆಳಗಿನ ವರದಿಯನ್ನು ಮೇಲೆ ಏರಿಸುವ ಕೆಲಸ. ಭಾವ ಒಳ್ಳೆಯ ಮೇಷ್ಟ್ರಾಗಿದ್ದವರು, ಮೇಲಾಗಿ ಇದೇ ಶಾಲೆಯಲ್ಲಿ ಓದಿದವರು. ಆ ವಾರ ಅವರು ಎಲ್ಲ ಶಾಲೆಗಳಿಂದ ಸಿದ್ಧವಾದ ಕೋಣೆಯ ಫೋಟೋ ಕೇಳುತ್ತಿದ್ದರು.

"ನಾಳೆಯೊಳಗೆ ಕಳಿಸು ಮಾರಾಯ್ತಿ. ಎಲ್ಲರದ್ದೂ ಬಂತು. ನಾದಿನಿಯ ಶಾಲೆಯದ್ದೇ ಇಲ್ಲ ಹೇಳಿ ಆಫೀಸಿನಲ್ಲಿ ನೆಗಾಡ್ತಾರೆ."

ಕ್ರಿಸ್ಮಸ್ಸಿನ ಮರುದಿನ ನಾವಿಬ್ಬರೂ ಶಾಲೆಗೆ ಹೋದೆವು. ಗುಡಿಸಿ, ತೊಳೆದು, ಬೆಂಚುಗಳನ್ನು ದೂರ ದೂರ ಎಳೆದು, ಜಗಲಿಯಲ್ಲಿ ಸುಣ್ಣದ ವೃತ್ತಗಳನ್ನು ಹಾಕಿದೆವು. ಹಬ್ಬಕ್ಕೆಂದು ಚೇಟನ ತೋಟದಲ್ಲಿ ಹಾಲು ಇಳಿಸುವ ಟ್ಯಾಪಿಂಗ್‌ನವನು ಊರಿಗೆ ಹೋಗಿದ್ದ, ಹೊಗೆಮನೆ ತಣ್ಣಗಿತ್ತು. ಹಿರಿಯ ಟೀಚರ್ ಹಿಂದಿನ ಕಿಟಕಿಗಳ ಅಗುಳಿಯನ್ನು ಕಲ್ಲಿನಿಂದ ತಟ್ಟಿ ತಟ್ಟಿ ತೆಗೆದರು. ವರ್ಷಗಳಿಂದ ಕತ್ತಲೆಯಲ್ಲಿದ್ದ ಕೋಣೆಗೆ ಬಿಸಿಲು ನುಗ್ಗಿತು. ಗೋಡೆಯ ಮೇಲಿನ ಭಾರತದ ನಕ್ಷೆ ಹೊಸದರಂತೆ ಕಂಡಿತು.

"ಈಗ ತೆಗೀರಿ," ಎಂದರು. "ಮದುಮಗಳ ಹಾಗೆ ಕಾಣ್ತದೆ ನಮ್ಮ ಕೋಣೆ."

ತೆಗೆದೆ. ಕಿಟಕಿಯಾಚೆ ರಬ್ಬರ್ ಮರಗಳ ಸಾಲು, ತಗಡಿನ ಮಾಡಿನ ಒಂದು ಮೂಲೆ, ನೀಲಿ ಆಕಾಶ. ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ರಸ್ತೆಗೆ ಬಂದು, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ನಿಂತು ಕಳಿಸಿದೆ. ಇಲ್ಲಿಂದ ಮುಂದೆ ನನಗೆ ಖಾತ್ರಿಯಿಲ್ಲ. ಫೋಟೋ ಹೋದ ಮೇಲೆ ನಾನು ಮಾತಿನ ಮೆಸೇಜೊಂದನ್ನೂ ಕಳಿಸಿದ ನೆನಪು: "ಭಾವ, ಇವತ್ತು ಹೊಗೆಮನೆ ಇಲ್ಲ, ಹಬ್ಬ. ಬಾಕಿ ದಿನ ಈ ಕಿಟಕಿ ತೆಗೀಲಿಕ್ಕೆ ಆಗುದಿಲ್ಲ. ಅದನ್ನೂ ಒಂದು ಬರೀರಿ." ಹೀಗೆ ಹೇಳಿದ ನನ್ನ ದನಿ ನನಗೆ ಕೇಳಿಸುತ್ತದೆ. ಆದರೆ ಅದು ಕಳಿಸಿದ ಮೆಸೇಜೋ, ಕಳಿಸಬೇಕು ಎಂದು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಜೋಡಿಸಿದ್ದೋ, ಈಗ ಬೇರ್ಪಡಿಸಲಾರೆ. ಆ ಫೋನು ಮರುವರ್ಷ ನೀರಿಗೆ ಬಿದ್ದು ಹೋಯಿತು. ದಿನಚರಿಯಲ್ಲಿ ಇರುವುದು ಇಷ್ಟೇ: ಫೋಟೋ ಕಳಿಸಿದೆ.

ಮಕ್ಕಳು ಬಂದರು. ತಿಂಗಳುಗಟ್ಟಲೆ ಮನೆಯಲ್ಲಿದ್ದು ಉದ್ದವಾಗಿದ್ದರು, ಯೂನಿಫಾರಂ ಗಿಡ್ಡವಾಗಿತ್ತು. ಮೊದಲ ದಿನವೇ ಹೊಗೆಯೂ ಬಂತು. ಸೂಚನೆಯಂತೆ ಕಿಟಕಿ ತೆರೆದಿದ್ದೆವು. ಹಿರಿಯ ಟೀಚರ್ ಪದ್ಯದ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕೆಮ್ಮು ಶುರುವಾಯಿತು. ಮಾಸ್ಕಿನೊಳಗಿನ ಕೆಮ್ಮು, ಬಗ್ಗಿ, ಮೇಜು ಹಿಡಿದು, ಕಣ್ಣಲ್ಲಿ ನೀರು ತುಂಬಿ. ಮುಂದಿನ ಬೆಂಚಿನ ಹುಡುಗಿ ಚೀಲ ಎತ್ತಿಕೊಂಡು ಹಿಂದಕ್ಕೆ ಹೋದಳು. ಅವಳನ್ನು ಬೈಯುವಂತಿರಲಿಲ್ಲ. ಯಾರಾದರೂ ಕೆಮ್ಮಿದರೆ ದೂರ ಹೋಗಿ ಎಂದು ಬೆಳಗ್ಗೆ ನಾನೇ ಹೇಳಿಕೊಟ್ಟಿದ್ದೆ.

ನಾವು ಕೋಣೆ ಬದಲಿಸಿಕೊಂಡೆವು. ರಸ್ತೆ ಬದಿಯ ನನ್ನ ಕೋಣೆ ಅವರಿಗೆ, ಹಿಂದಿನದು ನನಗೆ. ಪ್ರಯೋಜನವಾಗಲಿಲ್ಲ. ಹಂಚಿನ ಹಳೆಯ ಕಟ್ಟಡ. ನಡುವಿನ ಗೋಡೆ ಮಾಡಿನವರೆಗೆ ಇಲ್ಲ. ಒಂದು ಕೋಣೆಗೆ ಬಂದ ಹೊಗೆ ಮೇಲಿಂದ ದಾಟಿ ಇನ್ನೊಂದಕ್ಕೆ ಇಳಿಯುತ್ತಿತ್ತು. ಬೆಂಚುಗಳ ನಡುವೆ ಅಂತರವನ್ನು ಅಳೆದಿಟ್ಟವಳಿಗೆ ಆಗ ಇನ್ನೊಂದೂ ಹೊಳೆಯಿತು: ಹೊಗೆ ದಾಟುವುದಾದರೆ ಉಸಿರೂ ದಾಟುತ್ತದೆ. ನಾವು ಎರಡು ಕೋಣೆ ಎಂದು ವರದಿ ಕೊಟ್ಟದ್ದು ಗಾಳಿಯ ಲೆಕ್ಕದಲ್ಲಿ ಒಂದೇ ಕೋಣೆ. ಮೂರನೆಯದೊಂದಿತ್ತು, ಮಾಡಿನ ಮರದ ಪಕ್ಕಾಸು ಮುರಿದು ಒಳಗೆ ಹೋಗಬಾರದು ಎಂದು ಬೀಗ ಹಾಕಿದ್ದು.

ಕಿಟಕಿ ಮುಚ್ಚಿ ನೋಡಿದೆವು. ಕೆಮ್ಮು ಕಡಿಮೆಯಾಯಿತು. ಆದರೆ ಒಬ್ಬ ತಂದೆ ಬಾಗಿಲಲ್ಲಿ ಬಂದು ನಿಂತರು. "ಎಂತ ಟೀಚರ್, ಕಿಟಕಿ ತೆಗೀಲಿಕ್ಕೆ ಉಂಟಂತಲ್ಲ? ಟಿವಿಯಲ್ಲಿ ಹೇಳ್ತಾರೆ. ಮುಚ್ಚಿದ ಕೋಣೆಯಲ್ಲಿ ಕೆಮ್ಮುವವರ ಎದುರು ಮಕ್ಕಳನ್ನು ಕೂರಿಸುದಾ ನೀವು?" ಹಿರಿಯ ಟೀಚರಿಗೆ ಕೇಳಿಸಿತು. ಆ ಮನುಷ್ಯ ಅವರದೇ ಹಳೆಯ ವಿದ್ಯಾರ್ಥಿ.

ಮರುದಿನ ಅವರು ಮತ್ತೆ ಪರೀಕ್ಷೆ ಮಾಡಿಸಿಕೊಂಡು ಬಂದರು. ನೆಗೆಟಿವ್. ನಾನು ಭಾವನಿಗೆ ಫೋನ್ ಮಾಡಿ, ಇವರಿಗೆ ಕೆಲವು ವಾರ ಮನೆಯಿಂದಲೇ ಕೆಲಸ ಮಾಡಲು ಬಿಡಿ, ಮಕ್ಕಳಿಗೆ ಫೋನಿನಲ್ಲಿ ಪಾಠ ಹೇಳುತ್ತಾರೆ ಎಂದು ಕೇಳಿದೆ.

"ಪಾಸಿಟಿವ್ ಇದ್ರೆ ರಜೆ ಉಂಟು," ಎಂದರು ಭಾವ. "ನೆಗೆಟಿವ್ ಇದ್ದವರಿಗೆ ನಾನು ಎಂತ ಬರೆಯುದು?"

"ಉಸಿರು ಕಟ್ಟುದು ಭಾವ. ಹಳೇ ಕಾಯಿಲೆ. ಡಾಕ್ಟ್ರ ಚೀಟಿ ಉಂಟು."

"ಹಳೇ ಕಾಯಿಲೆ ಹಳೇದು. ಇಷ್ಟು ವರ್ಷ ಪಾಠ ಮಾಡ್ಲಿಲ್ವಾ ಅದೇ ಕಾಯಿಲೆಯಲ್ಲಿ? ಈಗ ಒಬ್ಬರಿಗೆ ಬಿಟ್ರೆ ಕ್ಲಸ್ಟರಿನ ಅರ್ಧ ಜನಕ್ಕೆ ಬಿ.ಪಿ., ಶುಗರ್ ಬರ್ತದೆ. ನಿನಗೆ ಗೊತ್ತಿಲ್ವಾ?"

ಇದನ್ನು ಅವರು ನಿಷ್ಠುರವಾಗಿ ಹೇಳಲಿಲ್ಲ. ಆಯಾಸದಿಂದ ಹೇಳಿದರು. ಅವರ ಮೇಲೂ ದಿನಕ್ಕೆ ಹತ್ತಾರು ಫೋನು.

ನಾನು ಚೇಟನಲ್ಲಿಗೆ ಹೋದೆ. ಅವರು ಶೀಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ವಿಷಯ ಕೇಳಿ ಒಮ್ಮೆಲೇ ಎದ್ದು, ನನಗೆ ಕುರ್ಚಿ ಕೊಟ್ಟು ತಾನು ನಿಂತರು.

"ಟೀಚರೇ, ನನ್ನ ಮೂರು ಮಕ್ಕಳಿಗೂ ಅಕ್ಷರ ಕಲಿಸಿದ್ದು ಅವರು. ಅವರಿಗೆ ತೊಂದರೆ ಆಗುದು ನನಗೆ ಬೇಕಾ? ಬೆಳಿಗ್ಗೆ ಬೆಂಕಿ ಬೇಡ, ಸಂಜೆ ಹಾಕುವ."

ಹಾಗೆಯೇ ಮಾಡಿದರು. ಕೆಲವು ದಿನ ಗಾಳಿ ತಿಳಿಯಾಗಿತ್ತು. ಹಿರಿಯ ಟೀಚರ್ ಇಡೀ ಪದ್ಯ ಓದಿ ಮುಗಿಸಿದರು, ರಾಗ ಕೂಡ ಹಾಕಿದರು. ಆಮೇಲೆ ಒಂದು ಬೆಳಿಗ್ಗೆ ಚೇಟ ಒಂದು ಶೀಟು ಮಡಚಿಕೊಂಡು ಶಾಲೆಯ ಗೇಟಿನ ಹೊರಗೆ ನಿಂತಿದ್ದರು. ಶೀಟಿನ ಮೈಮೇಲೆಲ್ಲ ಬಿಳಿ ಬೂಸರು.

"ಹೊಗೆ ಬಿಟ್ಟು ಬಿಟ್ಟು ಕೊಟ್ರೆ ಹೀಗೆ ಆಗುದು ನೋಡಿ. ಹೊಗೆಮನೆ ತುಂಬ ಇದೇ. ಇನ್ನು ಎಲೆ ಉದುರಿದ ಮೇಲೆ ಟ್ಯಾಪಿಂಗ್ ಇಲ್ಲ, ಹೊಗೆಯೂ ಇಲ್ಲ. ಅಲ್ಲಿವರೆಗೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ ಟೀಚರೇ?"

ರಬ್ಬರ್ ಎಲೆ ಉದುರುವುದು ಯಾವಾಗ ಎಂದು ನಾನು ಮರಗಳನ್ನು ನೋಡತೊಡಗಿದ್ದು ಆಗ. ಎಲ್ಲ ದಟ್ಟ ಹಸಿರಾಗಿದ್ದವು.

ಆಗ ನಾನೊಂದು ನಿರ್ಧಾರ ಮಾಡಿದೆ. ಬಯಲಿನ ಆಚೆ ತುದಿಯಲ್ಲಿ, ರಸ್ತೆಗೆ ಕಾಣುವಂತೆ ನಮ್ಮ ರಂಗಮಂದಿರವಿತ್ತು. ಈ ಕಡೆಯ ಎಲ್ಲ ಶಾಲೆಗಳಲ್ಲೂ ಇರುವಂಥದ್ದೇ: ಹಳೆ ವಿದ್ಯಾರ್ಥಿಗಳು ಕಟ್ಟಿಸಿಕೊಟ್ಟದ್ದು, ಮೂರು ಕಡೆ ತೆರೆದದ್ದು, ವರ್ಷಕ್ಕೊಮ್ಮೆ ವಾರ್ಷಿಕೋತ್ಸವಕ್ಕೋ ಯಕ್ಷಗಾನಕ್ಕೋ ಬಳಸುವುದು. ಹೊಗೆ ಅಲ್ಲಿಯವರೆಗೆ ಬರುತ್ತಿರಲಿಲ್ಲ. ನಾನು, ಮಕ್ಕಳು ಸೇರಿ ಬೆಂಚುಗಳನ್ನು ಹೊತ್ತು ಅಲ್ಲಿ ಹಾಕಿದೆವು. ಕರಿಹಲಗೆಯನ್ನು ಕಂಬಕ್ಕೆ ಒರಗಿಸಿದೆವು. ಯಾರ ಅನುಮತಿಯನ್ನೂ ಕೇಳಲಿಲ್ಲ. ಕೇಳಿದರೆ ಸಿಗುವುದಿಲ್ಲ ಎಂದು ಗೊತ್ತಿದ್ದುದರಿಂದಲೋ, ಇಷ್ಟಕ್ಕೆ ಅನುಮತಿ ಬೇಕೆಂದು ತೋಚದೆಯೋ, ಈಗ ಹೇಳಲಾರೆ.

ಹಿರಿಯ ಟೀಚರ್ ವೇದಿಕೆಯ ಮೆಟ್ಟಿಲನ್ನು ನಿಧಾನವಾಗಿ ಹತ್ತಿ, ಎದುರಿನ ಖಾಲಿ ಬಯಲಿಗೆ ಕೈ ಮುಗಿದರು. "ಇಷ್ಟು ವರ್ಷದಲ್ಲಿ ಒಂದು ವೇಷ ಹಾಕ್ಲಿಕ್ಕೆ ಆಗ್ಲಿಲ್ಲ. ನಿವೃತ್ತಿಯ ಹೊತ್ತಿಗೆ ರಂಗಸ್ಥಳ ಸಿಕ್ಕಿತು ನೋಡಿ." ಮಕ್ಕಳು ಚಪ್ಪಾಳೆ ತಟ್ಟಿದರು. ಆ ದಿನಗಳಲ್ಲಿ ಅವರು ಕೆಮ್ಮಲೇ ಇಲ್ಲ ಎಂದು ಬರೆಯಬೇಕೆನಿಸುತ್ತದೆ. ಕೆಮ್ಮಿರಬಹುದು. ನನಗೆ ನೆನಪಿರುವುದು ಗಾಳಿಗೆ ಹಾರುವ ಪುಸ್ತಕದ ಹಾಳೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಅವರು ಪಾಠ ಹೇಳುತ್ತಿದ್ದುದು.

ರಸ್ತೆಯಲ್ಲಿ ಹೋಗುವ ಯಾರೋ ಅದರ ಫೋಟೋ ತೆಗೆದರು. ಸಂಜೆಗೆ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದೇ: ಮಕ್ಕಳು ವೇದಿಕೆಯಲ್ಲಿ, ಕರಿಹಲಗೆ ಕಂಬಕ್ಕೆ. ಕೆಳಗೆ, ಸರ್ಕಾರಿ ಶಾಲೆಯ ಮಕ್ಕಳಿಗೆ ಕೂರಲು ಕೋಣೆಯೂ ಇಲ್ಲವೇ ಎಂಬ ಪ್ರಶ್ನೆ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಮರುದಿನ ಪಾಠ ಮುಗಿಯುವ ಮೊದಲೇ ಭಾವ ಬೈಕಿನಲ್ಲಿ ಬಂದರು.

"ಎಂತ ಮಾಡಿ ಹಾಕಿದಿ ಮಾರಾಯ್ತಿ! ಮೇಲಿಂದ ನನಗೆ ಉಗಿದು ಉಪ್ಪು ಹಾಕ್ತಿದ್ದಾರೆ. ಕೋಣೆ ಇಲ್ವಾ ನಿಮಗೆ?"

"ಕೋಣೆ ಉಂಟು ಭಾವ. ಹೊಗೆ."

"ಹೊಗೆ ಎಲ್ಲಿ?" ಭಾವ ಫೋನ್ ತೆಗೆದು ನನ್ನ ಫೋಟೋವನ್ನೇ ನನ್ನ ಮುಖಕ್ಕೆ ಹಿಡಿದರು. ತೆರೆದ ಕಿಟಕಿ, ಬಿಸಿಲು, ಹೊಸದಾಗಿ ಕಾಣುವ ನಕ್ಷೆ. "ಇದನ್ನು ನಾನು ಮಾದರಿ ಕೋಣೆ ಹೇಳಿ ಮೇಲೆ ಕಳಿಸಿದ್ದೇನೆ. ಉಳಿದ ಶಾಲೆಯವರಿಗೂ ಇದನ್ನೇ ತೋರಿಸಿದ್ದೇನೆ. ಈಗ ಆ ಕೋಣೆಯಲ್ಲಿ ಉಸಿರಾಡ್ಲಿಕ್ಕೆ ಆಗುದಿಲ್ಲ ಹೇಳಿದ್ರೆ ಯಾರು ನಂಬ್ತಾರೆ?"

ಆಗ ನಾನು ಹೇಳಬೇಕಿತ್ತು: ಅದು ಹಬ್ಬದ ದಿನದ ಫೋಟೋ ಎಂದು ನಿಮಗೆ ಹೇಳಿದ್ದೇನಲ್ಲ ಎಂದು. ಹೇಳಲಿಲ್ಲ. ಹೇಳಿದ್ದೇನೋ ಇಲ್ಲವೋ ಎಂಬ ಅನುಮಾನ ಆಗಲೇ ಇತ್ತೇ, ಅಥವಾ ಮಕ್ಕಳೆದುರು ಭಾವನಿಗೆ ಎದುರು ಮಾತಾಡಲು ನಾಲಿಗೆ ಬರಲಿಲ್ಲವೇ? ನನ್ನ ಬದಲು ಹಿರಿಯ ಟೀಚರೇ ಮೆಟ್ಟಿಲಿಳಿದು ಬಂದರು.

"ಸರ್, ಬೈಬೇಡಿ ಅವರಿಗೆ. ನನಗಾಗಿ ಮಾಡಿದ್ದು. ಎಲೆ ಉದುರಿದ ಮೇಲೆ ಸರಿ ಆಗ್ತದಂತೆ. ಅಷ್ಟು ದಿನ ಎಂತ, ಎಳೆದು ಹಾಕುವ."

ಭಾವ ಹಿಂದಿನ ಬೇಲಿಯ ಕಡೆ ನೋಡಿದರು ಎಂದು ನನ್ನ ನೆನಪು. ಆ ಹೊತ್ತಿಗೆ ಬಿಸಿಲೇರಿ ಹೊಗೆ ಮೇಲಕ್ಕೆ ಹೋಗಿತ್ತು. ತೋರಿಸೋಣವೆಂದರೆ ತೋರಿಸಲು ಏನೂ ಇರಲಿಲ್ಲ.

ಬೆಂಚುಗಳನ್ನು ಮತ್ತೆ ಒಳಗೆ ಹೊತ್ತೆವು. ಕಿಟಕಿಯನ್ನು ಅರ್ಧ ತೆರೆದೆವು, ಹೊಗೆ ಜೋರಾದಾಗ ಮುಚ್ಚಿದೆವು, ರಸ್ತೆಯಲ್ಲಿ ಬೈಕ್ ಸದ್ದಾದರೆ ಮತ್ತೆ ತೆರೆದೆವು. ಕಿಟಕಿ ನೋಡಿಕೊಳ್ಳುವುದೇ ಒಂದು ಕೆಲಸವಾಯಿತು. ಗಣಿತ ಹೇಳುತ್ತ ನನ್ನ ಒಂದು ಕಣ್ಣು ಬೇಲಿಯ ಮೇಲೆ. ಹೊಗೆಯೋ ಮುಚ್ಚಿದ ಕಿಟಕಿಯೋ, ಯಾವುದು ಹೆಚ್ಚು ಅಪಾಯ ಎಂದು ವಿಜ್ಞಾನ ಓದಿದ ನಾನು ಮಕ್ಕಳಿಗೂ ಹೇಳಲಾರದೆ ಹೋದೆ, ಹಿರಿಯ ಟೀಚರಿಗೂ ಹೇಳಲಾರದೆ ಹೋದೆ. ಹಿರಿಯ ಟೀಚರ್ ಕುರ್ಚಿಯನ್ನು ಬಾಗಿಲ ಹೊಸ್ತಿಲಿಗೆ ಎಳೆದುಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ಕೂತು ಪಾಠ ಮಾಡತೊಡಗಿದರು. ಪದ್ಯಗಳನ್ನು ಹಾಡುವುದು ನಿಲ್ಲಿಸಿದರು. ಆಮೇಲೆ ಓದುವುದನ್ನೂ ಮಕ್ಕಳಿಗೇ ಬಿಟ್ಟು, ತಪ್ಪಿದಲ್ಲಿ ಕೈಯೆತ್ತಿ ನಿಲ್ಲಿಸಿ ಸರಿಯಾದ ಪದವನ್ನು ಹಲಗೆಯ ಮೇಲೆ ಬರೆಯುತ್ತಿದ್ದರು.

ಎಲೆ ಉದುರುವ ಮೊದಲೇ ಅವರು ಒಂದು ಬೆಳಿಗ್ಗೆ ಬರಲಿಲ್ಲ. ಕಡಬದ ಅವರ ಮನೆಯಿಂದ ಫೋನ್ ಬಂತು: ರಾತ್ರಿ ಉಸಿರು ಕಟ್ಟಿತು, ಪುತ್ತೂರಿನ ಆಸ್ಪತ್ರೆಯಲ್ಲಿದ್ದಾರೆ. ಊರಿನಲ್ಲಿ ಸುದ್ದಿ ಹಬ್ಬಿ ಮಕ್ಕಳು ಬರುವುದನ್ನು ನಿಲ್ಲಿಸಿದರು. ಮತ್ತೆ ಪರೀಕ್ಷೆ. ಮತ್ತೆ ನೆಗೆಟಿವ್. ಕೊರೊನಾ ಅಲ್ಲ ಎಂದು ಗೊತ್ತಾದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು, ಭಾವ ಕೂಡ. "ದೇವರು ದೊಡ್ಡವನು, ಶಾಲೆಗೆ ಕೆಟ್ಟ ಹೆಸರು ಬರಲಿಲ್ಲ," ಎಂದರು.

ಆಸ್ಪತ್ರೆಯ ಕಿಟಕಿಯ ಹತ್ತಿರ ಮಂಚ ಸಿಕ್ಕಿತ್ತು. ನಾನು ಹೋದಾಗ ಮೂಗಿನ ನಳಿಕೆಯನ್ನು ಸರಿಸಿ, "ಇಲ್ಲಿ ಕಿಟಕಿ ತೆಗ್ದಿಡ್ತಾರೆ ಟೀಚರ್. ಸೂಚನೆ ಪಾಲಿಸ್ತಾರೆ," ಎಂದು ನಕ್ಕರು. ಇದ್ದ ಒಳ್ಳೆಯ ಶ್ವಾಸಕೋಶವೂ ಸೋತಿದೆ, ವಿಶ್ರಾಂತಿ ಬೇಕೇ ಬೇಕು ಎಂದು ವೈದ್ಯರು ಬರೆದುಕೊಟ್ಟರು. ರಜೆ ಮಂಜೂರಾಯಿತು. ಈಗ ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಅವರು ಮನೆಗೆ ಬಂದ ಮೇಲೆ ರಬ್ಬರ್ ಮರಗಳು ಒಮ್ಮೆಲೇ ಕೆಂಪಾಗಿ ಎಲೆ ಉದುರಿಸಿದವು. ಹೊಗೆಮನೆ ತಣ್ಣಗಾಯಿತು. ನಾನು ಹಿಂದಿನ ಕಿಟಕಿಗಳನ್ನೆಲ್ಲ ತೆರೆದು, ಎರಡೂ ತರಗತಿಗಳನ್ನು ಒಬ್ಬಳೇ ನೋಡಿಕೊಂಡೆ. ಹೊಸ್ತಿಲ ಹತ್ತಿರದ ಕುರ್ಚಿಯನ್ನು ಮಕ್ಕಳು ಯಾರೂ ಒಳಗೆ ಎಳೆಯಲಿಲ್ಲ.

ಬೇಸಿಗೆಯಲ್ಲಿ ಎರಡನೆಯ ಅಲೆ ಬಂದಾಗ ಶಾಲೆಗಳು ಮುಚ್ಚಿದ್ದವು. ಅವರು ಮನೆಯಲ್ಲೇ ಇದ್ದರು. ಮದುವೆಯ ಕಾಗದ ಕೊಡಲು ಬಂದ ಸಂಬಂಧಿಕರಿಂದ ಮನೆಯವರೆಲ್ಲರಿಗೂ ತಗಲಿತು. ಉಳಿದವರಿಗೆ ಜ್ವರ ಬಂದು ಹೋಯಿತು. ಅವರು ಮಾತ್ರ ಉಳಿಯಲಿಲ್ಲ. ಆ ಜನವರಿಯ ಹೊಗೆ ಇಲ್ಲದಿದ್ದರೆ ತಡೆದುಕೊಳ್ಳುತ್ತಿದ್ದರೇ ಎಂದು ವೈದ್ಯರೊಬ್ಬರನ್ನು ಕೇಳಿದ್ದೇನೆ. ಹಾಗೆಲ್ಲ ಹೇಳಲು ಬರುವುದಿಲ್ಲ ಎಂದರು. ಅದು ಸರಿಯಾದ ಉತ್ತರ. ಶಾಲೆಯಲ್ಲಿ ಯಾರಿಗೂ ಸೋಂಕು ತಗಲಲಿಲ್ಲ ಎಂಬ ನಮ್ಮ ವರದಿಯೂ ಸರಿಯಾದದ್ದೇ.

ಕಳೆದ ವರ್ಷ ಕಡಬದ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಕ್ರಿಸ್ಮಸ್ ರಜೆ. ಭಾವ ಈಗ ಸಿಆರ್‌ಪಿ ಅಲ್ಲ, ಮರಳಿ ಶಾಲೆಗೆ ಹೋಗಿದ್ದಾರೆ. ಊಟಕ್ಕೆ ಕೂತಾಗ ಅವರ ಫೋನು ತಾನಾಗಿಯೇ ಹಳೆಯ ಫೋಟೋವೊಂದನ್ನು ಎದುರಿಗೆ ತಂದಿತು, ಇಷ್ಟು ವರ್ಷದ ಹಿಂದೆ ಇದೇ ದಿನ ಎಂದು.

"ನೋಡು ಮಾರಾಯ್ತಿ, ನಿನ್ನ ಮಾದರಿ ಕೋಣೆ," ಎಂದು ನಗುತ್ತ ನನ್ನ ಕಡೆ ತಿರುಗಿಸಿದರು.

ನಾನು ಫೋನನ್ನು ಕೈಗೆ ತೆಗೆದುಕೊಂಡು ಕಿಟಕಿಯನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದೆ. ತಗಡಿನ ಮಾಡಿನ ಮೂಲೆ ಸ್ಪಷ್ಟವಾಗಿತ್ತು. ಅದರ ಮೇಲೆ ಬರೀ ಆಕಾಶ. ಆ ಶಾಲೆಯಲ್ಲಿ ಓದಿದ ಯಾರಿಗಾದರೂ, ಭಾವನಿಗೂ, ಡಿಸೆಂಬರಿನಲ್ಲಿ ಆ ಮಾಡಿನ ಮೇಲೆ ಬರೀ ಆಕಾಶ ಇರುವುದಿಲ್ಲ ಎಂದು ಗೊತ್ತು. ಫೋನ್ ಮರಳಿ ಕೊಡುವಾಗ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು. ಅಕ್ಕ ಸಾರಿನ ಸೌಟು ಹಿಡಿದು ನಿಂತಿದ್ದಳು. ಭಾವ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಫೋನನ್ನು ಮಗುಚಿ ಎಲೆಯ ಪಕ್ಕದಲ್ಲಿಟ್ಟರು. ಆಮೇಲೆ ನಾವು ಎಷ್ಟೋ ಸಲ ಭೇಟಿಯಾಗಿದ್ದೇವೆ, ಎಷ್ಟೋ ವಿಷಯ ಮಾತಾಡಿದ್ದೇವೆ. ನಾನು ಕೇಳಿದ್ದು ಇಷ್ಟೇ:

"ಭಾವ, ಇದರ ಹಿಂದೆಯೇ ನನ್ನ ದನಿಯಲ್ಲಿ ಒಂದು ಮೆಸೇಜ್ ಬಂದಿತ್ತಾ?"